ಏಳಿ ಎನ್ನುವ ಕೂಗು

ಫ್ರಿಜ್ಜಿನ ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ. ಅದು ಸಣ್ಣ ದನಿಯಲ್ಲಿ ಕೀ ಕೀ ಎಂದು ಕೂಗಿಕೊಳ್ಳುತ್ತಿತ್ತು. ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದ ದೊಡ್ಡಪ್ಪ ಪ್ಲಾಸ್ಟರಿನ ಹಕ್ಕಿಯೊಂದನ್ನು ಮಡಿಲಲ್ಲಿಟ್ಟುಕೊಂಡು ಅದರ ಕೊಕ್ಕಿಗೆ ಸ್ಯಾಂಡ್ ಪೇಪರ್ ಉಜ್ಜುತ್ತಿದ್ದರು.

"ರೀ, ಕಿವಿಗೇನು ಬೀಗ ಹಾಕ್ಕೊಂಡಿದ್ದೀರಾ?" ಎನ್ನುತ್ತ ದೊಡ್ಡಮ್ಮ ಬಂದು ಬಾಗಿಲನ್ನು ಸೊಂಟದಿಂದ ತಳ್ಳಿ ಮುಚ್ಚಿದರು. "ಅಷ್ಟೊತ್ತಿಂದ ಬಡ್ಕೋತಿದೆ ಅದು."

"ಯಾವುದು?"

"ಕೇಳಿದ್ಯೇನೇ? ಯಾವುದು ಅಂತೆ!" ದೊಡ್ಡಮ್ಮ ನನ್ನ ಕಡೆ ತಿರುಗಿದರು. "ಸಮುದ್ರದಾಚೆ ಹಕ್ಕಿ ಮಾತಾಡಿದ್ರೆ ಇವರಿಗೆ ಕೇಳುತ್ತೆ. ಮನೇಲಿ ಫ್ರಿಜ್ಜು, ಹೆಂಡತಿ, ಎರಡೂ ಕೇಳಲ್ಲ."

"ನಿಂದು ಕೇಳುತ್ತೆ ಮಾರಾಯ್ತಿ," ಎಂದರು ದೊಡ್ಡಪ್ಪ ತಲೆಯೆತ್ತದೆ. "ಆದ್ರೆ ಮುಚ್ಚೋಕೆ ಬಾಗಿಲಿಲ್ಲ."

ಮೂವರೂ ನಕ್ಕೆವು.

ಊಟದ ಮೇಜಿನ ತುಂಬ ಹಕ್ಕಿಗಳಿದ್ದವು. ಬಿಳಿ ಮೈ, ಕವಲು ಬಾಲ, ನೆತ್ತಿಗೆ ಟೋಪಿಯಿಟ್ಟ ಹಾಗೆ ಕಪ್ಪು ಬಣ್ಣ. ಎಲ್ಲವೂ ರೀವ ಎಂಬ ಕಡಲಹಕ್ಕಿಯ ಪ್ರತಿರೂಪಗಳು. ಅಚ್ಚಿನಲ್ಲಿ ಎರಕ ಹೊಯ್ಯುವುದು ದೊಡ್ಡಪ್ಪನ ಕೆಲಸ, ಬಣ್ಣ ದೊಡ್ಡಮ್ಮನದು. ಉಗುರುಬಣ್ಣದ ಹಳೆಯ ಕುಂಚದಿಂದ ಅವರು ಒಂದೊಂದಕ್ಕೂ ಕಣ್ಣು ಬರೆಯುತ್ತಿದ್ದರು. "ನನ್ನ ಸೊಸೆಯಂದಿರು" ಎಂದು ಕರೆಯುತ್ತಿದ್ದರು. ಮಕ್ಕಳಿಲ್ಲದ ಆ ಮನೆಯಲ್ಲಿ ಅಂಥ ತಮಾಷೆ ಮಾಡುವ ಹಕ್ಕು ಅವರೊಬ್ಬರಿಗೇ ಇತ್ತು.

"ಇಷ್ಟು ಜನ ಸೊಸೆಯಂದಿರಿದ್ದಾರೆ, ಒಬ್ಬಳಾದ್ರೂ ಒಂದು ಲೋಟ ನೀರು ತಂದ್ಕೊಡ್ತಾಳಾ ನೋಡು," ಎನ್ನುತ್ತ ಒಂದನ್ನು ಎತ್ತಿ ಹಿಡಿದರು. ಅಚ್ಚು ಬಿರುಕು ಬಿಟ್ಟ ದಿನ ಹುಟ್ಟಿದ್ದು ಅದು; ಕುತ್ತಿಗೆ ಓರೆಯಾಗಿತ್ತು. "ಈ ಸೊಟ್ಟ ಕುತ್ತಿಗೆಯವಳನ್ನ ಏನ್ಮಾಡ್ಲಿ? ಎಸೆದುಬಿಡ್ಲಾ?"

"ಇರಲಿ ಬಿಡಿ ದೊಡ್ಡಮ್ಮ. ಗುಂಪಲ್ಲಿ ಯಾರಿಗೂ ಕಾಣಲ್ಲ."

ನಮ್ಮ ಊರಿನ ನದಿ ಕಡಲು ಸೇರುವಲ್ಲಿ ಒಂದು ಮರಳದಿಬ್ಬವಿದೆ. ಚಳಿಗಾಲವನ್ನು ಸಮುದ್ರದ ಇನ್ನೊಂದು ತುದಿಯಲ್ಲಿ ಕಳೆಯುವ ರೀವಗಳು ಬೇಸಿಗೆಯ ಮೊದಲಲ್ಲಿ ಅಲ್ಲಿಗೆ ಬಂದು, ಬರಿಯ ಮರಳಿನ ಮೇಲೆ ಮೊಟ್ಟೆಯಿಟ್ಟು, ಮರಿಗಳಿಗೆ ಹಾರಲು ಕಲಿಸಿ, ಗಾಳಿ ತಿರುಗುವ ಮುಂಚೆ ಹೊರಟುಬಿಡುತ್ತಿದ್ದವು. ದೊಡ್ಡಪ್ಪ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಕಾಲದಲ್ಲಿ ದಿಬ್ಬದ ಮೇಲೆ ಹೆಜ್ಜೆಯಿಡಲು ಜಾಗ ಹುಡುಕಬೇಕಾಗುತ್ತಿತ್ತಂತೆ. ನಾನು ಅದೇ ವಿಷಯ ಓದಿ ಅದೇ ಕಾಲೇಜು ಸೇರುವ ಹೊತ್ತಿಗೆ ದಿಬ್ಬದಲ್ಲಿ ಒಂದು ಗೂಡೂ ಉಳಿದಿರಲಿಲ್ಲ. ಯಾರೋ ಒಬ್ಬ ಖಳನಿದ್ದಿದ್ದರೆ ಬೈದು ಸಮಾಧಾನ ಪಟ್ಟುಕೊಳ್ಳಬಹುದಿತ್ತು. ಆಚೆ ತೀರದಲ್ಲಿ ಅವು ಚಳಿಗಾಲ ಕಳೆಯುತ್ತಿದ್ದ ಜೌಗಿಗೆ ಮಣ್ಣು ತುಂಬಿ ಗೋದಾಮು ಕಟ್ಟಿದ್ದರು. ದಾರಿಯಲ್ಲಿ ಸಣ್ಣ ಮೀನು ಕಡಿಮೆಯಾಗಿತ್ತು. ಈಚೆ ತೀರದಲ್ಲಿ ಬಂದರಿನ ದೀಪಗಳು, ಬೀದಿನಾಯಿಗಳು, ಮರಳು ತುಂಬುವ ದೋಣಿಗಳು. ಎಲ್ಲರೂ ತಮ್ಮ ಪಾಲಿನ ತಪ್ಪು ಚಿಕ್ಕದೆಂದು ಹೇಳುತ್ತಿದ್ದರು. ಲೆಕ್ಕ ಹಾಕಿ ನೋಡಿದರೆ ಅದು ಸುಳ್ಳೂ ಆಗಿರಲಿಲ್ಲ.

ಆದರೂ ಪ್ರತಿ ಬೇಸಿಗೆಯಲ್ಲಿ ಕೆಲವು ಬರುತ್ತಿದ್ದವು. ದಿಬ್ಬದ ಮೇಲೆ ಸುತ್ತು ಹಾಕುತ್ತಿದ್ದವು, ಇಳಿಯುತ್ತಿರಲಿಲ್ಲ. ಗುಂಪಿನಲ್ಲಿ ಗೂಡು ಮಾಡುವ ಹಕ್ಕಿಗೆ ಖಾಲಿ ಮರಳಿನ ಮೇಲೆ ನಂಬಿಕೆ ಬರುವುದಿಲ್ಲ. ಆದ್ದರಿಂದ ಅವಕ್ಕೊಂದು ಸುಳ್ಳು ಗುಂಪು ಕೊಡುವುದೆಂದು ದೊಡ್ಡಪ್ಪನೂ ನಾನೂ ಸೇರಿ ಹೂಡಿದ ಉಪಾಯ ಇದು. ಕಣ್ಣಿಗೆ ಪ್ಲಾಸ್ಟರ್ ಹಕ್ಕಿಗಳು, ಕಿವಿಗೆ ಬಿಸಿಲಿನಿಂದ ನಡೆಯುವ ಒಂದು ಸ್ಪೀಕರ್ ಪೆಟ್ಟಿಗೆ. ಅದರಲ್ಲಿ ಮೊಳಗುತ್ತಿದ್ದುದು ಒಂದು ಕಾಲದ ತುಂಬಿದ ದಿಬ್ಬದ ಗದ್ದಲ. ದೊಡ್ಡಪ್ಪ ನಡುವಯಸ್ಸಿನಲ್ಲಿ ಮೈಕು ಹಿಡಿದು ಹಕ್ಕಿಗಳ ನಡುವೆ ನಡೆದು ಮುದ್ರಿಸಿಕೊಂಡಿದ್ದರು. ನಾಲ್ಕು ವರ್ಷದ ಹಿಂದೆ, ಪೆಟ್ಟಿಗೆ ಬಂದಾಗ, ವಾರಗಟ್ಟಲೆ ಹೆಡ್‌ಫೋನ್ ಹಾಕಿಕೊಂಡು ಕೂತು ಅದರಿಂದ ತಮ್ಮ ಹೆಜ್ಜೆಯ ಸದ್ದು, ಕೆಮ್ಮು, ಅಂಗಿಯ ಸರಪರ ಎಲ್ಲವನ್ನೂ ಹೆಕ್ಕಿ ತೆಗೆದಿದ್ದರು. "ಮನುಷ್ಯನ ವಾಸನೆ ಕೂಡ ಇಲ್ಲ ನೋಡು ಇದರಲ್ಲಿ," ಎಂದು ಹೆಮ್ಮೆಯಿಂದ ನನ್ನ ಕೈಗೆ ಕೊಟ್ಟಿದ್ದರು.

ಈ ಬೇಸಿಗೆಯೇ ಕೊನೆಯದು. ಹಡಗಿನ ದಾರಿ ಅಗಲ ಮಾಡಲು ಬಂದರಿನವರು ದಿಬ್ಬವನ್ನು ಅಗೆದು ತೆಗೆಯುವವರಿದ್ದರು. ಎಂಜಿನಿಯರರ ಕೋಣೆಯ ಗೋಡೆಗೆ ತೂಗುಹಾಕಿದ್ದ ನಕ್ಷೆಯಲ್ಲಿ ದಿಬ್ಬದ ಮೇಲೆ ಕೆಂಪು ಗೀಟುಗಳನ್ನು ಎಳೆದಾಗಿತ್ತು.

"ನಾನೇನು ಹಕ್ಕಿಗಳ ವೈರಿ ಅಲ್ಲ ಮೇಡಂ," ಎಂದಿದ್ದರು ಆತ. "ನನ್ನ ಮಗಳು ಬಾಲ್ಕನಿಯಲ್ಲಿ ಗುಬ್ಬಚ್ಚಿಗೆ ನೀರಿಡ್ತಾಳೆ. ನನಗೆ ಒಂದು ಗೂಡು ತೋರಿಸಿ ಸಾಕು. ಒಂದೇ ಒಂದು ಮೊಟ್ಟೆ. ಆಮೇಲೆ ಕಾನೂನು ಪ್ರಕಾರ ನಾನು ಮುಟ್ಟೋ ಹಾಗಿಲ್ಲ, ದಿಬ್ಬ ಬಿಟ್ಟು ಆ ಕಡೆಯಿಂದ ಅಗೀತೀವಿ. ಗೂಡೇ ಇಲ್ಲ ಅಂದ್ರೆ ಅದು ಹಕ್ಕಿ ಜಾಗ ಅಲ್ಲ ಮೇಡಂ, ಬರೀ ಮರಳು."

ಒಂದು ಮೊಟ್ಟೆ. ಅದೊಂದನ್ನೇ ಧ್ಯಾನಿಸುತ್ತ ನಾನು ದಿನವೂ ಬೆಳಿಗ್ಗೆ ದಿಬ್ಬಕ್ಕೆ ಹೋಗುತ್ತಿದ್ದೆ. ದೋಣಿಯವನನ್ನು ಎಲ್ಲರೂ ಸೈಲೆನ್ಸರ್ ಎಂದು ಕರೆಯುತ್ತಿದ್ದರು. ಅವನ ಎಂಜಿನ್ನಿಗೆ ಸೈಲೆನ್ಸರ್ ಇರಲಿಲ್ಲ, ಬಾಯಿಗೂ.

"ದಿನಾ ಬಂದು ಈ ಗೊಂಬೆಗಳ ಹಾಜರಿ ತಗೋತೀರಲ್ಲ ಮೇಡಂ," ಎನ್ನುವನು, "ಒಂದಾದ್ರೂ ಎಸ್ ಮೇಡಂ ಅಂದಿದೆಯಾ?"

"ನೀನು ಎಂಜಿನ್ ನಿಲ್ಲಿಸಿದ್ರೆ ತಾನೆ ನನಗೆ ಕೇಳೋದು."

ಬೇಸಿಗೆ ಅರ್ಧ ಕಳೆದಿದ್ದಾಗ ಒಂದು ಜೋಡಿ ಬಂತು. ನಾನು ಕ್ಯಾನ್ವಾಸಿನ ಗುಡಾರದೊಳಗೆ ಬೋರಲು ಬಿದ್ದುಕೊಂಡು ಸೀಳಿನಿಂದ ನೋಡುತ್ತಿದ್ದೆ. ಎರಡೂ ಹಕ್ಕಿಗಳು ಪ್ಲಾಸ್ಟರ್ ಗುಂಪಿನ ಅಂಚಿನಲ್ಲಿ ಇಳಿದವು. ನಿಜಕ್ಕೂ ಇಳಿದವು, ಕಾಲು ಮರಳಿಗೆ ತಾಗಿತು. ಗಂಡಿನ ಕೊಕ್ಕಿನಲ್ಲಿ ಬೆಳ್ಳಿಯ ಚೂರಿನಂಥ ಮೀನಿತ್ತು. ಅದು ಕತ್ತು ನಿಮಿರಿಸಿ ಹೆಣ್ಣಿನ ಮುಂದೆ ನಿಂತಿತು. ಮರುಕ್ಷಣ ಏಕೋ ಎರಡೂ ಒಟ್ಟಿಗೆ ಎದ್ದವು. ಒಂದು ಸುತ್ತು ಹಾಕಿ ಮತ್ತೆ ಇಳಿದವು. ಸ್ವಲ್ಪ ಹೊತ್ತಿಗೆ ಮತ್ತೆ ಎದ್ದವು. ಗುಡಾರದ ಅಂಚು ಗಾಳಿಗೆ ಬಡಿಯುತ್ತಿತ್ತು. ಅದಕ್ಕೇ ಹೆದರುತ್ತಿರಬೇಕೆಂದು ನಾನು ಅದನ್ನು ಬಿಗಿದು ಕಟ್ಟಲು ಮೊಣಕೈಯೂರಿ ಹೊರಗೆ ತೆವಳಿದೆ.

ಹೆಣ್ಣುಹಕ್ಕಿ ನನ್ನನ್ನು ನೋಡಿತು. ನೆಲ ಬಿಟ್ಟು ಎದ್ದು, ಸೂಜಿಯಂಥ ಒಂದು ಕೂಗು ಕೂಗಿತು. ತ್ಸೀ, ತ್ಸೀ.

ಜೀವಂತ ರೀವವೊಂದು ಅಷ್ಟು ಹತ್ತಿರದಲ್ಲಿ ಕೂಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆದರೆ ಆ ಕೂಗು ನನಗೆ ಹೊಸದಾಗಿರಲಿಲ್ಲ. ನಾಲ್ಕು ಬೇಸಿಗೆಯಿಂದ ದಿನವೂ ಕೇಳಿದ್ದೆ. ಎದ್ದು ಹೋಗಿ ಪೆಟ್ಟಿಗೆಯ ಪಕ್ಕ ನಿಂತೆ. ಗದ್ದಲ, ಗಾಳಿ, ಗದ್ದಲ. ನಡುವೆ ಸಣ್ಣಗೆ, ಸ್ಪಷ್ಟವಾಗಿ: ತ್ಸೀ, ತ್ಸೀ. ಆ ಹೊತ್ತಿಗೆ ದಿಬ್ಬದ ಆಚೆ ತುದಿಯಲ್ಲಿ ಇಳಿಯುವುದರಲ್ಲಿದ್ದ ಜೋಡಿ ಗಾಳಿಯಲ್ಲೇ ಹೊರಳಿ ಕಡಲಿನತ್ತ ಹೋಯಿತು. ಮತ್ತೆ ಬರಲಿಲ್ಲ.

ನಾನು ಪೆಟ್ಟಿಗೆಯ ಗುಂಡಿ ಒತ್ತಿ ನಿಲ್ಲಿಸಿದೆ. ಹಾಗೇ ಮರಳಿನ ಮೇಲೆ ಕೂತುಬಿಟ್ಟೆ.

"ಏನಾಯ್ತು ಮೇಡಂ, ಬ್ಯಾಟರಿ ಹೋಯ್ತಾ?" ಸೈಲೆನ್ಸರ್ ದೋಣಿಯಿಂದ ಕೂಗಿ ಕೇಳಿದ.

ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ತೀರಾ ಮೇಲಿನ ಸ್ವರಗಳನ್ನು. ಮಾತು ಕೇಳುತ್ತದೆ, ಬಾಗಿಲು ಬಡಿದದ್ದು ಕೇಳುತ್ತದೆ. ಫ್ರಿಜ್ಜಿನ ಕೀ ಕೀ ಕೇಳುವುದಿಲ್ಲ. ಹೋದದ್ದು ಹೋಯಿತೆಂದೂ ಗೊತ್ತಾಗುವುದಿಲ್ಲ. ಇದನ್ನು ನಾನು ಪರೀಕ್ಷೆಗೆ ಓದಿದ್ದೆ. ಹೆಡ್‌ಫೋನಿನೊಳಗೆ ದೊಡ್ಡಪ್ಪ ತಮ್ಮ ಕೆಮ್ಮು, ತಮ್ಮ ಹೆಜ್ಜೆ ಎಲ್ಲವನ್ನೂ ಹುಡುಕಿ ತೆಗೆದಿದ್ದರು. ಅವರನ್ನು ಕಂಡು ಹಕ್ಕಿಗಳು ಹೇಳಿದ್ದು ಮಾತ್ರ ಅದರಲ್ಲಿ ಉಳಿದುಬಿಟ್ಟಿತ್ತು. ಆ ಕೂಗಿನ ಅರ್ಥ ಗೊತ್ತಿದ್ದವರಿಗೆ ಅದು ಕೇಳಿಸುತ್ತಿರಲಿಲ್ಲ. ಕೇಳಿಸುತ್ತಿದ್ದ ನನಗೆ ಅರ್ಥ ಗೊತ್ತಿರಲಿಲ್ಲ. ತುಂಬಿದ ದಿಬ್ಬವನ್ನು ನಾನು ಕಂಡವಳೇ ಅಲ್ಲ. ಅದೆಲ್ಲ ಹಕ್ಕಿಗಳ ಸಂಭ್ರಮ ಎಂದುಕೊಂಡಿದ್ದೆ.

ಹೇಳದೆ ಇದ್ದುಬಿಡೋಣವೆಂದು ದೋಣಿಯಲ್ಲಿ ಬರುತ್ತ ನೂರು ಸಲ ಅನ್ನಿಸಿತು. ಆದರೆ ಬೇರೆ ಸದ್ದು ಬೇಕಿತ್ತು, ಅದು ಸಿಕ್ಕರೆ ಅವರ ಹಳೆಯ ಟೇಪುಗಳಲ್ಲೇ ಸಿಗಬೇಕಿತ್ತು.

"ದೊಡ್ಡಪ್ಪ, ಇದನ್ನೊಂದು ಸಲ ಕೇಳಿ."

ಅವರು ಹೆಡ್‌ಫೋನ್ ಹಾಕಿಕೊಂಡರು. ನಾನು ದನಿಯನ್ನು ಪೂರ್ತಿ ಏರಿಸಿದೆ. "ಗಾಳಿ," ಎಂದರು ಕಣ್ಣು ಮುಚ್ಚಿಕೊಂಡು. "ಹಿಂದೆ ಗದ್ದಲ. ಆಮೇಲೆ ಏನಿಲ್ಲ."

"ಈಗ ಬಂತಲ್ಲ."

"ಏನು ಬಂತು?"

"ಅಯ್ಯೋ, ನನಗೇ ಇಲ್ಲಿ ತನಕ ಕೇಳ್ತಿದೆ," ದೊಡ್ಡಮ್ಮ ಕುಂಚ ಹಿಡಿದುಕೊಂಡೇ ನಕ್ಕರು. "ಸೂಜಿ ಚುಚ್ಚಿದ ಹಾಗೆ ತ್ಸೀ ಅಂತ..." ನನ್ನ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದರು.

ನಾನು ಕಂಪ್ಯೂಟರಿನಲ್ಲಿ ವೇಗವನ್ನು ಅರ್ಧಕ್ಕಿಳಿಸಿದೆ. ವೇಗ ಇಳಿದರೆ ಸ್ವರವೂ ಇಳಿಯುತ್ತದೆ. ದೊಡ್ಡಪ್ಪ ತಲೆಯಲ್ಲಾಡಿಸಿದರು. ಇನ್ನೂ ಅರ್ಧಕ್ಕಿಳಿಸಿದೆ. ಸೂಜಿ ಈಗ ಉದ್ದನೆಯ ಮಂದ ಸೀಟಿಯಾಗಿತ್ತು. ಮಡಿಲಲ್ಲಿದ್ದ ಪ್ಲಾಸ್ಟರ್ ಹಕ್ಕಿಯ ಕೊಕ್ಕಿನ ಮೇಲೆ ಆಡುತ್ತಿದ್ದ ಅವರ ಬೆರಳು ನಿಂತಿತು.



"ಏಳಿ ಅನ್ನೋ ಕೂಗು ಇದು," ಎಂದರು. "ಮೊದಲು ಕಂಡ ಹಕ್ಕಿ ಕೂಗುತ್ತೆ. ಕೂಗಿದ ತಕ್ಷಣ ಇಡೀ ದಿಬ್ಬ ಎದ್ದುಬಿಡುತ್ತೆ, ಬಿಳೀ ಬಟ್ಟೆ ಕೊಡವಿದ ಹಾಗೆ." ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು. "ನನ್ನನ್ನ ನೋಡಿ ಕೂಗಿದ್ದು."

"ಹೂಂ."

"ನಾಲ್ಕು ಬೇಸಿಗೆ."

ನಾನು ಕಂಪ್ಯೂಟರಿನಲ್ಲಿ ಆ ಸದ್ದನ್ನು ನಿಲ್ಲಿಸಿದೆ.

"ಕರೆದು ಕರೆದು ಓಡಿಸಿದ್ವಿ ಅನ್ನು."

ಕಿವಿ ಡಾಕ್ಟರ ಹತ್ತಿರ ಹೋಗೋಣವೆಂದು ದೊಡ್ಡಮ್ಮ ಎಷ್ಟು ಸಲ ಹೇಳಿದ್ದರೋ. ಅದನ್ನು ಈಗ ಎತ್ತಬಹುದಿತ್ತು, ಎತ್ತಲಿಲ್ಲ. ಕುಂಚದ ತುದಿಯ ಬಣ್ಣ ಒಣಗುವವರೆಗೂ ಹಾಗೇ ನಿಂತಿದ್ದರು. ಫ್ರಿಜ್ಜಿನ ವಿಷಯದಲ್ಲಿ ಆ ಮನೆಯಲ್ಲಿ ಆಮೇಲೆ ಯಾರೂ ತಮಾಷೆ ಮಾಡಲಿಲ್ಲ.

ದೊಡ್ಡಪ್ಪನ ಟೇಪುಗಳನ್ನೆಲ್ಲ ಕೇಳಿದೆ. ಬೇರೆ ಕಡೆಯ ಸಂಗ್ರಹಾಲಯಗಳಿಗೆ ಬರೆದೆ; ಅವರು ಇದ್ದಬದ್ದದ್ದನ್ನೆಲ್ಲ ಕಳಿಸಿದರು. ಬೇರೆ ಬೇರೆ ತೀರ, ಬೇರೆ ಬೇರೆ ದಶಕ, ಬೇರೆ ಬೇರೆ ಜನ. ಮೈಕು ಹಿಡಿದು ಹತ್ತಿರ ಹೋದವರಿಗೆಲ್ಲ ಅವು ಹೇಳಿದ್ದು ಅದೊಂದೇ ಮಾತು. ಕೂಗನ್ನು ಕತ್ತರಿಸಿ ತೆಗೆದರೆ ನಡುವೆ ಉಳಿಯುತ್ತಿದ್ದುದು ರೆಕ್ಕೆಗಳ ಸದ್ದು, ಎದ್ದು ಹೋಗುವವರ ಸದ್ದು. ಪೆಟ್ಟಿಗೆಯನ್ನು ಸುಮ್ಮನಿಟ್ಟು ನೋಡಿದೆ. ಯಾವ ಹಕ್ಕಿಯೂ ದಿಬ್ಬದ ಕಡೆ ತಿರುಗಿಯೂ ನೋಡಲಿಲ್ಲ.

"ಅದು ಟೇಪಲ್ಲಿ ಸಿಗಲ್ಲ," ಎಂದರು ದೊಡ್ಡಪ್ಪ ಒಂದು ಮಧ್ಯಾಹ್ನ. ಆ ದಿನಗಳಲ್ಲಿ ಅವರು ಮಾತಾಡುವುದೇ ಅಪರೂಪವಾಗಿತ್ತು. "ನೆಮ್ಮದಿಯಾಗಿ ಕೂತಾಗ ಮಾಡೋ ಸದ್ದು ಬೇರೆ. ಮೈಕು ಒಯ್ದ ಕೂಡಲೇ ನಿಲ್ಲಿಸಿಬಿಡೋವು. ನಾನು ದೂರದಲ್ಲಿ ಬೋರಲು ಮಲಗಿ ಬರೀ ಕಿವೀಲಿ ಕೇಳಿದ್ದು."

"ಹೇಗಿತ್ತು?"

ಅವರು ಗಂಟಲು ಸರಿಮಾಡಿಕೊಂಡರು. ಗದ್ದವನ್ನು ಎದೆಗೆ ಒತ್ತಿ, ಎಲ್ಲೋ ಒಳಗಿನಿಂದ, ನೀರಿನಲ್ಲಿ ಕಲ್ಲು ಉರುಳಿದ ಹಾಗೆ, ಕುರ್‌ರ್... ಕುರ್‌ರ್... ಎಂದರು. ಸ್ವಲ್ಪ ತಡೆದು ಇನ್ನೊಂದು, ತುಸು ಮೇಲಿನ ದನಿಯಲ್ಲಿ. ಅದು ಪಕ್ಕದ ಗೂಡಿನ ಉತ್ತರ.

"ಇದಕ್ಕೆ ಅರ್ಥ?"

"ಅರ್ಥ ಏನೂ ಇಲ್ಲ. ಇದ್ದೀನಿ ಅಂತ. ನೀನಿದ್ದೀಯಾ ಅಂತ."

ಮಲಗುವ ಕೋಣೆಯ ಕಿಟಕಿಗಳಿಗೆ ರಜಾಯಿ ತೂಗುಹಾಕಿ, ಮಂಚದ ಮೇಲೆ ಮೈಕಿಟ್ಟು ಮುದ್ರಿಸಿಕೊಂಡೆ. ಬೆವರುತ್ತ, ಕಣ್ಣು ಮುಚ್ಚಿ, ಅವರು ಗೂಡಿನಿಂದ ಗೂಡಿಗೆ ಹೋಗುವವರ ಹಾಗೆ ಗುರುಗುಟ್ಟುತ್ತ ಹೋದರು. ಬಾಗಿಲ ಬಳಿ ನಿಂತಿದ್ದ ದೊಡ್ಡಮ್ಮ, "ಮದುವೆಯಾದ ಹೊಸದರಲ್ಲೂ ನನ್ನ ಹತ್ರ ಇಷ್ಟು ಪ್ರೀತಿಯಿಂದ ಮಾತಾಡಿರಲಿಲ್ಲ ಈ ಮನುಷ್ಯ," ಎಂದು ನಕ್ಕು, ಇನ್ನೊಂದು ರಜಾಯಿ ತರುವ ನೆಪದಲ್ಲಿ ಹೊರಟುಹೋದರು. ತರಲಿಲ್ಲ. ನಾನು ಆ ದನಿಯನ್ನು ಏರಿಸಿ, ಇಳಿಸಿ, ಒಂದರ ಮೇಲೊಂದು ಪೇರಿಸಿ, ಒಬ್ಬ ಮುದುಕನಿಂದ ಒಂದು ದಿಬ್ಬ ಮಾಡಿದೆ. ಒಬ್ಬರ ನೆನಪಿನಲ್ಲಷ್ಟೇ ಉಳಿದದ್ದನ್ನು ಪುರಾವೆ ಎಂದು ಯಾವ ವಿಜ್ಞಾನಿಯೂ ಒಪ್ಪುವುದಿಲ್ಲ. ನಮ್ಮ ಬಳಿ ಬೇರೆ ಇರಲಿಲ್ಲ.

ಬೇಸಿಗೆ ಕೊನೆಗೆ ಬಂದಿತ್ತು. ಜೋಡಿ ಮತ್ತೆ ಕಾಣಿಸಲಿಲ್ಲ. ದಿನವಿಡೀ ದೊಡ್ಡಪ್ಪನ ದನಿ ಖಾಲಿ ಮರಳಿನ ಮೇಲೆ ಇದ್ದೀನಿ, ನೀನಿದ್ದೀಯಾ ಎಂದು ಉರುಳುತ್ತಿತ್ತು. "ಈ ಸದ್ದು ಪರವಾಗಿಲ್ಲ ಮೇಡಂ," ಎಂದ ಸೈಲೆನ್ಸರ್. "ನಮ್ಮಜ್ಜ ಊಟ ಆದ್ಮೇಲೆ ಹಿಂಗೇ ಗೊರಕೆ ಹೊಡೀತಿದ್ದ. ಕೇಳಿದ್ರೆ ನಿದ್ದೆ ಬರುತ್ತೆ."

ಆಗ ಒಂದು ಬಂತು. ಗಂಡು, ಒಂಟಿ. ಮೊದಲು ಬಂದ ಜೋಡಿಯದೋ ಬೇರೆಯದೋ ಹೇಳಲಾರೆ. ಅದು ಸುತ್ತು ಹಾಕಲಿಲ್ಲ, ಅಳುಕಲಿಲ್ಲ. ನೇರವಾಗಿ ಪ್ಲಾಸ್ಟರ್ ಗುಂಪಿನ ನಡುವೆ ಇಳಿದು ರೆಕ್ಕೆ ಮಡಿಸಿಕೊಂಡಿತು. ಗುಡಾರದೊಳಗೆ ನಾನು ಬಾಯಿಗೆ ಕೈ ಅಡ್ಡ ಹಿಡಿದುಕೊಂಡೆ. ನಮ್ಮ ಉಪಾಯ ಫಲಿಸಿತ್ತು. ನಾಲ್ಕು ವರ್ಷದ ಹಿಂದೆ ಈ ಸದ್ದು ಇದ್ದಿದ್ದರೆ ಎಂದು ಯೋಚಿಸದೆ ಇರಲು ನಾನು ಬಹಳ ಪ್ರಯತ್ನಪಟ್ಟೆ.

ಮರುದಿನ ಅದು ಮೀನು ತಂದಿತು. ಪ್ಲಾಸ್ಟರ್ ಹೆಣ್ಣುಗಳ ನಡುವೆ ನಡೆದಾಡಿ, ಒಂದರ ಮುಂದೆ ನಿಂತು ಕತ್ತು ನಿಮಿರಿಸಿತು. ಆ ಹೆಣ್ಣು ಬಾಯಿ ತೆರೆಯಲಿಲ್ಲ. ಬಹಳ ಹೊತ್ತು ಕಾದು, ಮೀನನ್ನು ಅದರ ಕೊಕ್ಕಿಗೆ ತಾಗಿಸಿ, ಕೊನೆಗೆ ಮರಳಿನ ಮೇಲಿಟ್ಟಿತು. ಅದರ ಮಾರನೆಯ ದಿನವೂ ತಂದಿತು. ಅವಳ ಪಕ್ಕದಲ್ಲೇ ಎದೆಯೊತ್ತಿ, ಕಾಲಿನಿಂದ ಮರಳು ಕೆದರಿ, ಬಟ್ಟಲಿನಂಥ ಒಂದು ಕುಳಿ ಮಾಡಿತು.

"ಯಾರ ಮುಂದೆ?" ಎಂದು ದೊಡ್ಡಮ್ಮ ಕೇಳಿದರು.

"ಸೊಟ್ಟ ಕುತ್ತಿಗೆಯವಳ ಮುಂದೆ."

ದೊಡ್ಡಮ್ಮ ಏನೋ ತಮಾಷೆಯ ಮಾತಿಗೆ ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡರು. ದೊಡ್ಡಪ್ಪ, "ಪಕ್ಕಕ್ಕೆ ತಿರುಗಿ ಕೇಳಿಸಿಕೊಳ್ಳೋ ಹಾಗೆ ಕಂಡಿರಬೇಕು ಅದಕ್ಕೆ," ಎಂದಷ್ಟೇ ಹೇಳಿದರು.

ಗೂಡು ನೋಡಲು ಎಂಜಿನಿಯರ್ ತಾವೇ ಬಂದರು. ಬೂಟು ಕೈಯಲ್ಲಿ ಹಿಡಿದು, ಪ್ಯಾಂಟು ಮಡಚಿಕೊಂಡು, ಗುಡಾರದ ಸೀಳಿನಿಂದ ಇಣುಕಿದರು. ಹಕ್ಕಿ ಆಗಷ್ಟೇ ಮೀನಿಟ್ಟು ಕಾಯುತ್ತ ನಿಂತಿತ್ತು.

"ಕುಳಿ ಮಾಡಿದೆ," ಎಂದೆ.

"ಮೊಟ್ಟೆ?"

"ಇಲ್ಲ."

"ಅದಕ್ಕೆ... ಗೊತ್ತಾಗಲ್ವಾ ಮೇಡಂ?"

"ಇಲ್ಲ."

ಆತ ಇನ್ನಷ್ಟು ಹೊತ್ತು ನೋಡಿದರು. ಆಮೇಲೆ, "ನನಗೂ ಬೇಜಾರೇ," ಎಂದು ಮರಳು ಕೊಡವಿಕೊಂಡು ಬೂಟು ಹಾಕಿಕೊಂಡರು. ಬೇಜಾರು ನಿಜವಾದದ್ದೇ ಆಗಿತ್ತು. ಅದಕ್ಕೂ ಕೆಂಪು ಗೀಟುಗಳಿಗೂ ಸಂಬಂಧವಿರಲಿಲ್ಲ.

ಅಗೆಯುವ ಯಂತ್ರದ ನಾವೆ ನದಿಯ ಬಾಯಿಗೆ ಬಂದು ನಿಂತ ದಿನ ನಾನೂ ಸೈಲೆನ್ಸರೂ ಕೊನೆಯ ಸಲ ದಿಬ್ಬಕ್ಕೆ ಹೋದೆವು. ಗಾಳಿ ಆಗಲೇ ತಿರುಗಲು ಶುರುವಾಗಿತ್ತು. ಉಳಿದ ತೀರಗಳಿಂದ ರೀವಗಳು ಹೊರಟಾಗಿತ್ತು. ಇದೊಂದು ಇನ್ನೂ ಇಲ್ಲೇ ಇತ್ತು. ಸಂಗಾತಿಯನ್ನು ಬಿಟ್ಟು ಗಂಡು ರೀವ ಹೊರಡುವುದಿಲ್ಲ. ಇನ್ನೂ ತಡವಾದರೆ ಎದುರುಗಾಳಿಯಲ್ಲಿ ಒಂಟಿಯಾಗಿ ಸಮುದ್ರ ದಾಟಬೇಕು. ದಾಟುವುದಿಲ್ಲ. ಯಂತ್ರ ಬರದೆ ಇದ್ದಿದ್ದರೂ ಪ್ಲಾಸ್ಟರ್ ಹಕ್ಕಿಗಳನ್ನು ನಾನು ತೆಗೆಯಲೇಬೇಕಿತ್ತು. ಆ ಹಕ್ಕಿಗೆ ನಾನು ಮಾಡಬಹುದಾಗಿದ್ದ ಉಪಕಾರ ಅದೊಂದೇ.

ಮೊದಲು ಪೆಟ್ಟಿಗೆಯನ್ನು ನಿಲ್ಲಿಸಿದೆ. ದೊಡ್ಡಪ್ಪನ ದನಿ ಅರ್ಧಕ್ಕೆ ಕಡಿಯಿತು. ಗೋಣಿಚೀಲ ಬಿಡಿಸಿಕೊಂಡು ಗುಂಪಿನತ್ತ ನಡೆದೆ.

ಅದು ನನ್ನನ್ನು ನೋಡಿತು. ನೆಲ ಬಿಟ್ಟು ಎದ್ದು ಕೂಗಿತು. ತ್ಸೀ, ತ್ಸೀ. ಏಳಿ.

ಯಾರೂ ಏಳಲಿಲ್ಲ. ಅದು ತಿರುಗಿ ಬಂದು ಇನ್ನೂ ಕೆಳಗೆ ಹಾರಿ ಕೂಗಿತು. ಅಷ್ಟೂ ಹಕ್ಕಿಗಳು ಗಾಳಿಗೆ ಮುಖ ಮಾಡಿ, ದೊಡ್ಡಮ್ಮ ಬರೆದ ಕಣ್ಣು ತೆರೆದುಕೊಂಡು ಹಾಗೇ ಕೂತಿದ್ದವು. ನಾನು ಒಂದೊಂದನ್ನೇ ಕಿತ್ತು ಚೀಲಕ್ಕೆ ಹಾಕುತ್ತ ಹೋದೆ. ಅದು ನನ್ನ ನೆತ್ತಿಯ ಮೇಲೆ ಎರಗಿತು. ಕೊಕ್ಕು ತಾಗಿ ಹಣೆಯಲ್ಲಿ ರಕ್ತ ಬಂತು. ಮತ್ತೆ ಮೇಲೇರಿ, ಉಳಿದವರಿಗೆ, ಏಳಿ, ಏಳಿ ಎಂದು ಕೂಗಿತು.

ಸೊಟ್ಟ ಕುತ್ತಿಗೆಯವಳನ್ನು ಕೊನೆಗೆ ತೆಗೆದೆ. ಕೊಕ್ಕಿನ ತುದಿಗೆ ಮೀನಿನ ಹುರುಪೆ ಅಂಟಿ ಒಣಗಿತ್ತು. ಅವಳನ್ನು ಚೀಲಕ್ಕೆ ಹಾಕಲಾಗದೆ ಸೆರಗಿನೊಳಗೆ ಮುಚ್ಚಿಕೊಂಡು ದೋಣಿ ಹತ್ತಿದೆ. ಸೈಲೆನ್ಸರ್ ಎಂಜಿನ್ ಹಚ್ಚಲಿಲ್ಲ. ಕೋಲು ತೆಗೆದುಕೊಂಡು, ಒಂದು ಮಾತೂ ಆಡದೆ, ದೋಣಿಯನ್ನು ಆಳಕ್ಕೆ ತಳ್ಳಿದ.

ಹಕ್ಕಿ ಸ್ವಲ್ಪ ದೂರ ನಮ್ಮ ಹಿಂದೆ ಕೂಗುತ್ತ ಬಂತು. ಆಮೇಲೆ ದಿಬ್ಬಕ್ಕೆ ಮರಳಿತು. ಖಾಲಿ ಮರಳಿನ ಮೇಲೆ ಒಂದು ಸುತ್ತು ಹಾಕಿ, ತಾನು ಮಾಡಿದ ಕುಳಿಯ ಪಕ್ಕ ಇಳಿಯಿತು. ಕಡಲಾಚೆಗೆ ಹೋಗು ಎಂದು ನಾನು ಮನಸ್ಸಿನಲ್ಲೇ ಹೇಳುತ್ತಿದ್ದೆ. ಹೋಗು ಎನ್ನುವುದಕ್ಕೆ ಅವುಗಳಲ್ಲಿ ಯಾವ ಕೂಗೋ, ದೊಡ್ಡಪ್ಪನನ್ನು ನಾನು ಕೇಳಿರಲಿಲ್ಲ. ದೋಣಿ ತಿರುವು ದಾಟುವವರೆಗೂ ಅದು ಅಲ್ಲೇ ಕೂತಿತ್ತು.